ಬೇಸಿಗೆ ಕೋಚಿಂಗ್: ಪಿಜಿ ಕರಾರಿಗೆ ಸಹಿ ಯಾರದ್ದು?

ಮೈಸೂರು: ಪಿಯು ಪರೀಕ್ಷೆ ಮುಗೀತಿದ್ದಂಗೆ ಹುಣಸೂರು, ಎಚ್.ಡಿ.ಕೋಟೆ, ತಿ.ನರಸೀಪುರ ಕಡೆಯ ಮಕ್ಕಳು ಸಿಇಟಿ, ನೀಟ್ ಕೋಚಿಂಗ್‌ಗೆಂದು ಮೈಸೂರಿನ ಪಿಜಿ ಸೇರುತ್ತಾರೆ. ಅಂಗಡಿ ಬಿಟ್ಟು ಬರಲಾಗದ ಎಷ್ಟೋ ಪೋಷಕರು ಫೋನ್‌ನಲ್ಲೇ ಅಡ್ವಾನ್ಸ್ ಹಾಕಿ, ಮಗನನ್ನು ಬಸ್ ಹತ್ತಿಸಿ ಸುಮ್ಮನಾಗುತ್ತಾರೆ. ಎಡವಟ್ಟಾಗೋದು ಇಲ್ಲೇ.

1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳುವಂತಿಲ್ಲ. ನಾಳೆ ಅಡ್ವಾನ್ಸ್ ವಾಪಸ್ ವಿಚಾರದಲ್ಲಿ ತಕರಾರು ಬಂದರೆ, ಹುಡುಗ ಸಹಿ ಹಾಕಿದ ಕಾಗದ ನಂಬಿ ಕೂರೋಕಾಗಲ್ಲ. ಕರಾರು ಪೋಷಕರ ಹೆಸರಲ್ಲೇ ಇರಲಿ. ರೂಮು ಖಾಲಿ ಮಾಡುವಾಗ ಎಷ್ಟು ಹಿಡಿಯುತ್ತಾರೆ ಅನ್ನೋದನ್ನು ಬರೆಸಿ, ರಸೀದಿ ಪಡೆಯಬೇಕು.

ಕಾಗದಕ್ಕಿಂತ ದೊಡ್ಡದು ಮಕ್ಕಳ ಕ್ಷೇಮ. ಒಂದು ದಿನ ಅಂಗಡಿ ಬಾಗಿಲು ಹಾಕಿಯಾದರೂ ಹೋಗಿ ರೂಮು, ಊಟ, ಗೇಟು ಹಾಕುವ ಹೊತ್ತು ನೋಡಿ ಬನ್ನಿ. ಮಕ್ಕಳ ಸಹಾಯವಾಣಿ 1098, ತುರ್ತು ನೆರವಿಗೆ 112. ಎರಡೂ ನಂಬರ್ ಅವರಿಗೆ ಬಾಯಿಪಾಠ ಇರಲಿ. ರಾತ್ರಿ ಫೋನ್ ಮಾಡಿದಾಗ ಟೆಸ್ಟ್ ಮಾರ್ಕ್ಸ್ ಆಮೇಲೆ, ಮೊದಲು ಊಟ ಆಯ್ತಾ ಅಂತ ಕೇಳಿ.