ಮನೆ ಬ್ರಾಡ್‌ಬ್ಯಾಂಡ್ ವೇಗವರ್ಧನೆಗೆ ಕಾಲಮಿತಿ ಮತ್ತು ಹೊಣೆ ನಿಗದಿಪಡಿಸಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್),
ನವದೆಹಲಿ.

ಮುಖಾಂತರ: ಪ್ರಾಧಿಕಾರದ ಪ್ರಾದೇಶಿಕ ಕಚೇರಿ, ಬೆಂಗಳೂರು.

ಇವರಿಂದ: ಮೈಸೂರಿನ ಮನೆ ಬ್ರಾಡ್‌ಬ್ಯಾಂಡ್ ಬಳಕೆದಾರರು.

ವಿಷಯ: ಹೆಚ್ಚಿನ ವೇಗದ ಪ್ಲಾನ್‌ಗೆ ಹಣ ಪಡೆದ ಮೇಲೆ ಆ ವೇಗ ನೀಡಲು ಆಗುತ್ತಿರುವ ವಿಳಂಬದ ಬಗ್ಗೆ.

ಮಾನ್ಯರೇ,

ನಾವು ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ ಮನೆಗೆ ಫೈಬರ್ ಸಂಪರ್ಕ ಪಡೆದಿರುವ ಬಳಕೆದಾರರು. ಹೆಚ್ಚಿನ ವೇಗಕ್ಕೆಂದು ಹಣ ಕಟ್ಟಿಸಿಕೊಂಡು, ವೇಗ ಕೊಡದೆ ದಿನ ತಳ್ಳುವ ಪರಿಪಾಠ ನಮ್ಮಲ್ಲಿ ಬೇರೂರಿದೆ. ಬಳಕೆದಾರರ ವೈಯಕ್ತಿಕ ದೂರುಗಳನ್ನು ಪ್ರಾಧಿಕಾರ ನೇರವಾಗಿ ವಿಚಾರಣೆ ಮಾಡುವುದಿಲ್ಲವೆಂಬುದು ನಮಗೆ ತಿಳಿದಿದೆ. ಆದ್ದರಿಂದ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತಿಲ್ಲ. ನಿಯಮದಲ್ಲಿರುವ ಒಂದು ಕೊರತೆಯನ್ನು ತುಂಬಿಕೊಡಿ ಎಂಬುದಷ್ಟೇ ನಮ್ಮ ಕೋರಿಕೆ.

ಆಗುತ್ತಿರುವುದು ಇದು. 50 ಅಥವಾ 100 ಎಂಬಿಪಿಎಸ್ ಪ್ಲಾನ್‌ನಲ್ಲಿರುವವರು 300 ಎಂಬಿಪಿಎಸ್‌ಗೆ ಹೋಗಲು ಆ್ಯಪ್‌ನಲ್ಲಿ ವ್ಯತ್ಯಾಸದ ಹಣ ಕಟ್ಟುತ್ತಾರೆ. ಪ್ಲಾನ್ ಬದಲಾಗಿದೆ ಎಂಬ ಸಂದೇಶ ಕ್ಷಣದಲ್ಲೇ ಬರುತ್ತದೆ, ಹೊಸ ದರದ ಲೆಕ್ಕವೂ ಅಂದೇ ಶುರುವಾಗುತ್ತದೆ. ವೇಗ ಮಾತ್ರ ಹಳೆಯದೇ. ಗ್ರಾಹಕ ಸೇವೆಗೆ ಕರೆ ಮಾಡಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಮತ್ತೆ ಕರೆ ಮಾಡಿದರೆ ಟಿಕೆಟ್ ಸಂಖ್ಯೆ ಕೊಡುತ್ತಾರೆ. ಯಾರೂ ಮನೆಗೆ ಬಾರದೆಯೇ ಆ ಟಿಕೆಟ್ ಕ್ಲೋಸ್ ಆಗಿ, ನಿಮ್ಮ ಸಮಸ್ಯೆ ಪರಿಹಾರವಾಗಿದೆ ಎಂಬ ಇನ್ನೊಂದು ಸಂದೇಶ ಬರುತ್ತದೆ. ಸ್ಥಳೀಯ ಕೇಬಲ್‌ನವರನ್ನು ಕೇಳಿದರೆ ಕಂಪನಿಯ ಕಡೆ ತೊಂದರೆ ಎನ್ನುತ್ತಾರೆ, ಕಂಪನಿಯವರು ಕೇಬಲ್‌ನವರತ್ತ ಕೈ ತೋರಿಸುತ್ತಾರೆ. ಹಣ ಪಡೆದವರು ಯಾರೋ, ಕಂಬ ಹತ್ತಬೇಕಾದವರು ಯಾರೋ ಎಂಬಂತಾಗಿ ಬಳಕೆದಾರನ ಪಾಲಿಗೆ ಉತ್ತರ ಕೊಡುವವರೇ ಇಲ್ಲ.

ವೇಗ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಪತ್ತೆ ಮಾಡುವುದು ಅಸಾಧ್ಯವಾಗಿದ್ದರೆ ಈ ವಿಳಂಬವನ್ನು ಸಹಿಸಬಹುದಿತ್ತು. ಅದು ಅಸಾಧ್ಯವಲ್ಲ ಎಂಬುದೇ ನಮ್ಮ ಅಹವಾಲಿನ ತಿರುಳು. ನಮ್ಮಲ್ಲಿ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರೂ ಇದ್ದಾರೆ. ಅವರ ಮಾತಿನಲ್ಲಿ ಹೇಳುವುದಾದರೆ, ಸ್ಪೀಡ್ ಟೆಸ್ಟ್‌ನ ಅಂಕಿಯೇ ಬಹುಪಾಲು ದೋಷದ ಜಾಗ ತೋರಿಸುತ್ತದೆ. ರೌಟರ್‌ಗೆ ತಂತಿ ಜೋಡಿಸಿ ಪರೀಕ್ಷಿಸಿದಾಗಲೂ ಹಳೆಯ ಪ್ಲಾನ್‌ನ ಅಂಕಿಯೇ ನಿಖರವಾಗಿ ಬರುತ್ತಿದ್ದರೆ, ಕಂಪನಿಯ ಸರ್ವರ್‌ನಲ್ಲಿ ಅಥವಾ ಎಕ್ಸ್‌ಚೇಂಜ್ ಕಡೆಯ ಉಪಕರಣದಲ್ಲಿ ಆ ಮನೆಯ ವೇಗದ ಪ್ರೊಫೈಲ್ ಬದಲಾಗಿಲ್ಲ ಎಂದು ಬಹುತೇಕ ಹೇಳಬಹುದು. ಬಿಲ್ಲಿಂಗ್ ವ್ಯವಸ್ಥೆಯಲ್ಲಿ ಆದ ಬದಲಾವಣೆ ನೆಟ್‌ವರ್ಕ್‌ಗೆ ತಲುಪಿರುವುದಿಲ್ಲ. ಕೆಲವೊಮ್ಮೆ ಹಳೆಯ ಲಾಗಿನ್ ಸೆಷನ್ ಕಡಿದು ಹೊಸದಾಗಿ ಜೋಡಿಸಿದರೆ ಸಾಕು. ಇದಕ್ಕೆ ಲೈನ್‌ಮನ್ ಬೇಕಿಲ್ಲ, ಕಚೇರಿಯಲ್ಲಿ ಕುಳಿತೇ ಸರಿಪಡಿಸಬಹುದು.

300 ಎಂಬಿಪಿಎಸ್ ಪ್ಲಾನ್‌ನಲ್ಲಿ ವೇಗ ಸದಾ 93–95ರ ಆಸುಪಾಸಿನಲ್ಲೇ ನಿಂತಿದ್ದರೆ ಕಾರಣ ಬೇರೆ. ರೌಟರ್ ಅಥವಾ ಫೈಬರ್ ಪೆಟ್ಟಿಗೆಯ ಪೋರ್ಟ್ 100 ಎಂಬಿಪಿಎಸ್ ಮಿತಿಯದ್ದಾಗಿರುತ್ತದೆ. ಇಲ್ಲವೇ ಎಂಟು ಎಳೆಗಳ ಕೇಬಲ್‌ನಲ್ಲಿ ನಾಲ್ಕು ಎಳೆಗಳನ್ನು ಮಾತ್ರ ಕ್ರಿಂಪ್ ಮಾಡಿರುತ್ತಾರೆ. ಗಿಗಾಬಿಟ್ ಸಂಪರ್ಕಕ್ಕೆ ಎಂಟೂ ಬೇಕು. ಅನೇಕ ಮನೆಗಳಲ್ಲಿರುವುದು ಕಂಪನಿಯವರೇ ಕೊಟ್ಟ ರೌಟರ್, ಅವರ ಕಡೆಯವರೇ ಜೋಡಿಸಿದ ತಂತಿ. ಆ ಉಪಕರಣ ಹೊಸ ವೇಗವನ್ನು ತಾಳಲಾರದು ಎಂಬುದು ಪ್ಲಾನ್ ಮಾರುವ ಮೊದಲೇ ಅವರ ದಾಖಲೆಯಲ್ಲಿರುತ್ತದೆ. ತಿಳಿದೂ ಹಣ ಪಡೆಯುವುದು ನ್ಯಾಯವಲ್ಲ.

ಹಗಲಲ್ಲಿ ಸರಿಯಿದ್ದು ರಾತ್ರಿ ಎಂಟರ ನಂತರ ಕುಸಿಯುವ ವೇಗದ ಕಥೆ ಇನ್ನೊಂದು. ಮನೆಗಳಿಗೆ ಬರುವ ಫೈಬರ್ ಸಾಮಾನ್ಯವಾಗಿ ಜಿಪಾನ್ ಬಗೆಯದು. ಅದರ ಒಂದು ಪೋರ್ಟ್‌ನ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಎಲ್ಲರೂ ಏಕಕಾಲಕ್ಕೆ ಪೂರ್ಣ ವೇಗ ಬಳಸುವುದಿಲ್ಲವಾದ್ದರಿಂದ ಈ ಹಂಚಿಕೆಯಲ್ಲಿ ತಪ್ಪಿಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಹೋಗುವ ಲಿಂಕ್ ಹಿಗ್ಗಿಸದೆ ದುಬಾರಿ ಪ್ಲಾನ್‌ಗಳನ್ನು ಮಾರುತ್ತ ಹೋದರೆ ಯಾರಿಗೂ ವೇಗ ಸಿಗದು. ಇನ್ನು ಮರದ ಕೊಂಬೆ, ವಿದ್ಯುತ್ ಕಂಬಗಳ ಮೇಲೆ ಎಳೆದ ಕೇಬಲ್ ಮಳೆಗಾಲದಲ್ಲಿ ತುಂಡಾದಾಗ ಅವಸರದಲ್ಲಿ ಹಾಕಿದ ಜೋಡಣೆಗಳಿಂದ ಬೆಳಕಿನ ಮಟ್ಟ ಕುಗ್ಗುತ್ತದೆ. ಮಾಮೂಲಿ ಉಪಕರಣಗಳಲ್ಲಿ ಅದು ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಪರ್ಕ ಪದೇ ಪದೇ ಕಡಿಯತೊಡಗುತ್ತದೆ. ಈ ಮಟ್ಟವನ್ನು ಲೈನ್‌ಮನ್ ಮೀಟರ್ ಹಿಡಿದು ನಿಮಿಷದಲ್ಲಿ ಹೇಳಬಲ್ಲ, ಕಂಪನಿ ದೂರದಿಂದಲೇ ನೋಡಬಲ್ಲದು. ತಂತಿಯಲ್ಲಿ ಪೂರ್ಣ ವೇಗ ಬಂದು ವೈಫೈನಲ್ಲಿ ಮಾತ್ರ ಕಡಿಮೆಯಿದ್ದರೆ ಅದು ಗೋಡೆ, ದೂರ ಅಥವಾ 2.4 ಗಿಗಾಹರ್ಟ್ಸ್ ಬ್ಯಾಂಡ್‌ನ ಮಿತಿ. ಅದಕ್ಕೆ ನಾವು ಕಂಪನಿಯನ್ನು ದೂರುವುದಿಲ್ಲ.

ಇಷ್ಟೆಲ್ಲ ತಿಳಿಯುವ ಸಾಧನ ಕಂಪನಿಗಳ ಬಳಿಯೇ ಇರುವಾಗ, ಬಳಕೆದಾರನಿಗೆ ಅವರು ಕಾರಣ ಹೇಳದಿರುವುದೇಕೆ? ಹೇಳಲೇಬೇಕು ಎಂಬ ನಿಯಮ ಇಲ್ಲದಿರುವುದರಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಾಧಿಕಾರದ 2012ರ ದೂರು ಪರಿಹಾರ ನಿಯಮಾವಳಿಯಲ್ಲಿ ದೂರು ಬೇರೆ, ಸೇವಾ ಕೋರಿಕೆ ಬೇರೆ. ಪ್ಲಾನ್ ಬದಲಾವಣೆ ಸೇವಾ ಕೋರಿಕೆಯ ಸಾಲಿಗೆ ಸೇರುತ್ತದೆ. ದೂರಿಗೆ ಡಾಕೆಟ್ ಸಂಖ್ಯೆ, ಕಾಲಮಿತಿ, ಮೇಲ್ಮನವಿ ಪ್ರಾಧಿಕಾರ ಎಲ್ಲವೂ ಇವೆ. ಹಣ ಕಟ್ಟಿದರೂ ವೇಗ ಬಾರದವನ ಅಹವಾಲನ್ನು ಗ್ರಾಹಕ ಸೇವೆಯವರು ಕೋರಿಕೆ ಎಂದೇ ಬರೆದುಕೊಳ್ಳುವುದರಿಂದ ಆ ರಕ್ಷಣೆ ಅವನಿಗೆ ದಕ್ಕುವುದಿಲ್ಲ. 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಾವಳಿ ಪ್ಲಾನ್‌ನ ವೇಗದಲ್ಲಿ ಶೇ. 80ಕ್ಕಿಂತ ಹೆಚ್ಚು ಸಿಗಬೇಕೆಂದು ಹೇಳಿತ್ತು. ಹೊಸ ಸಂಪರ್ಕಕ್ಕೆ ದಿನಗಳ ಮಿತಿ ಹಾಕಿತ್ತು. ದೋಷ ದುರಸ್ತಿ ತಡವಾದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುವ ತತ್ವವನ್ನೂ ಒಪ್ಪಿತ್ತು. ಅದರ ಜಾಗಕ್ಕೆ 2024ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಬಂದಿದೆ. ಹೊಸ ಸಂಪರ್ಕಕ್ಕೂ ದುರಸ್ತಿಗೂ ಸಿಕ್ಕ ಈ ಶಿಸ್ತು, ಇರುವ ಸಂಪರ್ಕದ ವೇಗ ಹೆಚ್ಚಿಸುವ ಕೆಲಸಕ್ಕೂ ಸಿಗಬೇಕು.

ಗ್ರಾಹಕ ನ್ಯಾಯಾಲಯದ ಬಾಗಿಲು ತೆರೆದಿದೆ, ನಿಜ. ದೂರಸಂಪರ್ಕ ಸೇವೆಯ ದೂರನ್ನು ಅಲ್ಲಿಗೆ ಒಯ್ಯಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿತು. ಆದರೆ ತಿಂಗಳಿಗೆ ಕೆಲವು ನೂರು ರೂಪಾಯಿಗಳ ವ್ಯತ್ಯಾಸಕ್ಕಾಗಿ ಮನೆಯಿಂದ ದುಡಿಯುವ ತಾಯಿಯಾಗಲಿ, ಆನ್‌ಲೈನ್ ಪಾಠ ಕೇಳುವ ಪಿಯುಸಿ ವಿದ್ಯಾರ್ಥಿಯಾಗಲಿ, ಲಗ್ನಪತ್ರಿಕೆಯ ಫೈಲುಗಳನ್ನು ಪ್ರೆಸ್‌ಗೆ ಕಳಿಸಬೇಕಾದ ಡಿಟಿಪಿಯವರಾಗಲಿ ನ್ಯಾಯಾಲಯ ಅಲೆಯಲಾರರು. ಇಂಥವರು ಚೈನಿಗಾಗಿ ವೇಗ ಕೇಳುತ್ತಿಲ್ಲ. ಇದ್ದ ವೇಗದಲ್ಲಿ ಕೆಲಸ ಸಾಗದೆ, ಮನೆಯ ಇನ್ನೊಂದು ಖರ್ಚು ತಗ್ಗಿಸಿ ಹಣ ಹೊಂದಿಸಿದವರು.

ಬ್ರಿಟನ್ನಿನಲ್ಲಿ ದೂರಸಂಪರ್ಕ ನಿಯಂತ್ರಕವಾದ ಆಫ್‌ಕಾಂ ಸಂಸ್ಥೆಯ ವೇಗ ಸಂಹಿತೆಗೆ ಒಪ್ಪಿದ ಕಂಪನಿಗಳು ಖಾತರಿ ಕೊಟ್ಟ ಕನಿಷ್ಠ ವೇಗ ನೀಡದಿದ್ದರೆ, 30 ದಿನಗಳೊಳಗೆ ಸರಿಪಡಿಸಬೇಕು. ಆಗದಿದ್ದರೆ ಗ್ರಾಹಕ ದಂಡವಿಲ್ಲದೆ ಹೊರಬರಬಹುದು. 2019ರಿಂದ ಜಾರಿಯಲ್ಲಿರುವ ಈ ಕ್ರಮ ನಮಗೂ ಆಗಿಬರುತ್ತದೆ.

ಸೇವೆಯ ಗುಣಮಟ್ಟ ನಿಗದಿಪಡಿಸುವ ಅಧಿಕಾರವನ್ನು 1997ರ ಟ್ರಾಯ್ ಕಾಯ್ದೆಯ 11ನೇ ಕಲಂ ತಮಗೆ ನೀಡಿದೆ. ಅದನ್ನು ಬಳಸಿ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬೇಕೆಂದು ಕೋರುತ್ತೇವೆ.

1. ವೇಗವರ್ಧನೆಗೆ ಹಣ ಪಡೆದ ಬಳಿಕ, ಉಪಕರಣ ಬದಲಿಸಬೇಕಿಲ್ಲದ ಕಡೆ 24 ಗಂಟೆಗಳಲ್ಲಿ, ಬದಲಿಸಬೇಕಾದ ಕಡೆ 7 ದಿನಗಳಲ್ಲಿ ಹೊಸ ವೇಗ ನೀಡುವುದು ಕಡ್ಡಾಯವಾಗಬೇಕು. ಹೊಸ ದರವೂ ಪ್ಲಾನ್‌ನ ಅವಧಿಯೂ ತಂತಿ ಮೂಲಕ ಅಳೆದ ವೇಗ ಸಿಕ್ಕ ದಿನದಿಂದ ಎಣಿಕೆಯಾಗಬೇಕು. ನಮ್ಮ ಬೇಡಿಕೆಗಳಲ್ಲಿ ಇದೇ ಮುಖ್ಯ. ಉಳಿದವನ್ನು ಈಡೇರಿಸಲು ಸಮಯ ಹಿಡಿದರೂ ಇದನ್ನು ತಡಮಾಡಬಾರದು.

2. ಅವಧಿ ಮೀರಿದ ಕೂಡಲೇ ಅದು ತಾನಾಗಿಯೇ ದೂರಾಗಿ ದಾಖಲಾಗಬೇಕು. ಬಳಕೆದಾರನ ಒಪ್ಪಿಗೆಯಿಲ್ಲದೆ ಅದನ್ನು ಕ್ಲೋಸ್ ಮಾಡಬಾರದು.

3. ದೋಷ ಪ್ರೊಫೈಲ್‌ನದೋ, ಪೋರ್ಟ್‌ನದೋ, ಬೆಳಕಿನ ಮಟ್ಟದ್ದೋ, ದಟ್ಟಣೆಯದೋ ಎಂಬುದನ್ನು ಅಳತೆಯ ಅಂಕಿಗಳೊಂದಿಗೆ ಲಿಖಿತವಾಗಿ, ಕರ್ನಾಟಕದ ಬಳಕೆದಾರರಿಗೆ ಕನ್ನಡದಲ್ಲಿ ನೀಡಬೇಕು. ಸ್ಥಳೀಯ ಪಾಲುದಾರರ ತಪ್ಪಿಗೂ ಹಣ ಪಡೆದ ಕಂಪನಿಯೇ ಹೊಣೆಯಾಗಬೇಕು.

4. ಮನೆಯಲ್ಲಿರುವ ರೌಟರ್ ಹೊಸ ವೇಗಕ್ಕೆ ಸಾಲದಿದ್ದರೆ ಹಣ ಪಡೆಯುವ ಮೊದಲೇ ತಿಳಿಸಬೇಕು. ಕಂಪನಿಯೇ ಕೊಟ್ಟ ರೌಟರ್ ಆಗಿದ್ದರೆ ಅದನ್ನು ಉಚಿತವಾಗಿ ಬದಲಿಸಬೇಕು.

5. 30 ದಿನಗಳಲ್ಲೂ ವೇಗ ಬಾರದಿದ್ದರೆ, ಠೇವಣಿ ಹಾಗೂ ಉಳಿದ ಅವಧಿಯ ಹಣ ಹಿಂಪಡೆದು ಹೊರಬರುವ ಹಕ್ಕು ಬಳಕೆದಾರನಿಗಿರಬೇಕು.

ಕೇಬಲ್ ಕೊರತೆ, ಕಡಿಮೆ ಸಿಬ್ಬಂದಿ, ಕಂಬಗಳ ಅನುಮತಿ ಇವೆಲ್ಲ ಕಂಪನಿಗಳ ನಿಜವಾದ ಕಷ್ಟಗಳು ಎಂದು ನಾವು ಬಲ್ಲೆವು. ಬಿಸಿಲು ಮಳೆಯೆನ್ನದೆ ಕಂಬ ಹತ್ತುವ ಲೈನ್‌ಮನ್‌ಗಳ ಮೇಲೆ ನಮಗೆ ಅಸಮಾಧಾನವೂ ಇಲ್ಲ. ಬಹಳಷ್ಟು ಸಲ ನಮಗೆ ನಿಜ ಹೇಳಿದವರು ಅವರೇ. ಕೊಡಲಾಗದ ವೇಗವನ್ನು ಮಾರುವ ನಿರ್ಧಾರ ಅವರದಲ್ಲ.

ಈ ವಿಷಯದಲ್ಲಿ ಸಮಾಲೋಚನಾ ಪತ್ರ ಹೊರಡಿಸಿ, ಬೆಂಗಳೂರಿನ ಜೊತೆಗೆ ಮೈಸೂರಿನಲ್ಲೂ ಬಳಕೆದಾರರ ಅಹವಾಲು ಸಭೆ ಕರೆಯಬೇಕೆಂದು ವಿನಂತಿಸುತ್ತೇವೆ. ಪಾವತಿ ರಸೀದಿ, ಟಿಕೆಟ್ ಸಂದೇಶ, ವೇಗ ಪರೀಕ್ಷೆಯ ದಾಖಲೆಗಳನ್ನು ಸಭೆಯಲ್ಲಿ ಹಾಜರುಪಡಿಸಲು ನಾವು ಸಿದ್ಧರಿದ್ದೇವೆ. ಈ ಮನವಿಗೆ ಲಿಖಿತ ಉತ್ತರ ದಯಪಾಲಿಸಬೇಕಾಗಿ ಪ್ರಾರ್ಥನೆ.



ತಮ್ಮ ವಿಶ್ವಾಸಿಗಳು,
ಮನೆ ಬ್ರಾಡ್‌ಬ್ಯಾಂಡ್ ಬಳಕೆದಾರರು,
ಮೈಸೂರು.