ಅಲಂಕಾರದ ಕಾವು

ಅಲಂಕಾರವು ಕಾವ್ಯಕ್ಕೆ ಹೊರಗಿನದೋ ಒಳಗಿನದೋ ಎಂಬ ಚರ್ಚೆ ನಮ್ಮಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಮೊದಲನೆಯ ಪರಿಚ್ಛೇದದಲ್ಲಿ ಕಾವ್ಯದೋಷಗಳನ್ನು ವಿಚಾರಿಸಿ, ಉಳಿದೆರಡನ್ನು ಶಬ್ದಾಲಂಕಾರ, ಅರ್ಥಾಲಂಕಾರಗಳಿಗೆ ಬಿಟ್ಟುಕೊಟ್ಟಿತು. ಎರಡು ಶತಮಾನಗಳ ತರುವಾಯ ಕಾಶ್ಮೀರದ ಕ್ಷೇಮೇಂದ್ರನು, ಒಡ್ಯಾಣವನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟುಕೊಂಡವರನ್ನು ಕಂಡು ಯಾರು ತಾನೆ ನಗುವುದಿಲ್ಲವೆಂದು ಕೇಳಿ, ಔಚಿತ್ಯವೆಂಬ ಅಳತೆಗೋಲನ್ನು ನಮ್ಮ ಕೈಗಿತ್ತನು. ಆದರೆ ಈ ಆಲಂಕಾರಿಕರಲ್ಲಿ ಯಾರೂ ಕೇಳದೆಹೋದ, ಕೇಳುವ ಅಗತ್ಯವೂ ಅವರಿಗೆ ಬೀಳದಿದ್ದ ಪ್ರಶ್ನೆಯೊಂದಿದೆ: ಅಲಂಕಾರಕ್ಕೆ ದಿನದ ಖರ್ಚೆಷ್ಟು? ಉಪಮೆಯನ್ನು ಕವಿ ಒಮ್ಮೆ ಕಟ್ಟಿದರೆ ತೀರಿತು. ಓದುಗನು ಪುಸ್ತಕ ಮುಚ್ಚಿಟ್ಟು ಮಲಗಿದ ಮೇಲೂ ಆ ಉಪಮೆ ಕತ್ತಲಲ್ಲಿ ಕುಳಿತು ಎಣ್ಣೆ ಕುಡಿಯುತ್ತಿರುವುದಿಲ್ಲ. ಇಂದು ನಮ್ಮ ವಿದ್ಯಾರ್ಥಿಗಳ ಗಣಕಯಂತ್ರಗಳ ಮೇಲೆ ಕುಳಿತಿರುವ ಅಲಂಕಾರಗಳು ಮಾತ್ರ ಕುಡಿಯುತ್ತಲೇ ಇರುತ್ತವೆ.

ಇವಕ್ಕೆ ವಿಜೆಟ್ ಎಂದು ಹೆಸರು. ಪರದೆಯ ಮೂಲೆಯಲ್ಲಿ ತಿರುಗುವ ಗಡಿಯಾರ, ಇಂದಿನ ಬಿಸಿಲೆಷ್ಟೆಂದು ಹೇಳುವ ಚೌಕ, ಹಾಡಿನ ಏರಿಳಿತಕ್ಕೆ ಕುಣಿಯುವ ಬಣ್ಣದ ಕಂಬಗಳು, ಹಿನ್ನೆಲೆಯಲ್ಲಿ ಸುರಿಯುತ್ತಲೇ ಇರುವ ಮಳೆ. ಇದೇನೂ ನಿನ್ನೆ ಮೊನ್ನೆಯ ಹುಚ್ಚಲ್ಲ. ೧೯೯೭ರಲ್ಲಿಯೇ ವಿಂಡೋಸಿನ ಡೆಸ್ಕ್‌ಟಾಪಿನ ಮೇಲೆ ಅಂತರಜಾಲದ ಪುಟಗಳನ್ನು ಜೀವಂತವಾಗಿ ಅಂಟಿಸಿಕೊಳ್ಳುವ ಏರ್ಪಾಡು ಬಂದಿತ್ತು. ೨೦೦೧ರಲ್ಲಿ ರೈನ್‌ಮೀಟರ್ ಎಂಬ ತಂತ್ರಾಂಶ ಹುಟ್ಟಿತು. ಅದು ಇಂದಿಗೂ ಉಚಿತವಾಗಿ ದೊರೆಯುತ್ತದೆ. ಆಪಲ್ ಕಂಪನಿ ೨೦೦೫ರಲ್ಲಿ ವಿಜೆಟ್‌ಗಳಿಗೆಂದೇ ಒಂದು ಪರದೆಯನ್ನು ಕೊಟ್ಟು ೨೦೧೯ರಲ್ಲಿ ಅದನ್ನು ತೆಗೆದುಹಾಕಿತು. ಮೈಕ್ರೋಸಾಫ್ಟ್ ೨೦೦೭ರ ವಿಸ್ಟಾದಲ್ಲಿ ಪರದೆಯ ಪಕ್ಕಕ್ಕೆ ಪಟ್ಟಿಯೊಂದನ್ನು ಕಟ್ಟಿ, ಸುರಕ್ಷತೆಯ ಲೋಪಗಳು ಕಂಡವೆಂದು ೨೦೧೨ರಲ್ಲಿ ಅದನ್ನು ಕೈಬಿಟ್ಟು, ೨೦೨೧ರ ವಿಂಡೋಸ್ ೧೧ರಲ್ಲಿ ಬೇರೊಂದು ವೇಷದಲ್ಲಿ ಮರಳಿ ಕರೆತಂದಿತು. ಹೋದ ಸೊಸೆ ಹೊಸ ಸೀರೆಯುಟ್ಟು ಬಂದಂತೆ.

ನಾನು ಕನ್ನಡದ ಅಧ್ಯಾಪಕ. ಯಂತ್ರದ ಮಾತು ನನಗೇಕೆಂದು ವಾಚಕರು ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳು ಪ್ರಬಂಧಗಳನ್ನು ಈಗ ಕೈಯಲ್ಲಿ ಬರೆದು ತರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ತರುತ್ತಾರೆ. ಮನೆಗೊಂದೇ ಯಂತ್ರ. ಕೆಲವು ವರ್ಷಗಳ ಕೆಳಗೆ ಸರ್ಕಾರ ಪದವಿ ಕಾಲೇಜಿನ ಮಕ್ಕಳಿಗೆ ಕೊಟ್ಟ ಲ್ಯಾಪ್‌ಟಾಪು ಅಣ್ಣನ ಓದು ಮುಗಿದ ಮೇಲೆ ತಂಗಿಯ ಪಾಲಿಗೆ ಬಂದಿರುತ್ತದೆ. ಅದು ಕೆಟ್ಟರೆ ಮತ್ತೊಂದಿಲ್ಲ. ಆದಕಾರಣ ಅದರ ಆಯುಸ್ಸಿನ ವಿಚಾರ ಕನ್ನಡ ವಿಭಾಗದ ವಿಚಾರವೂ ಹೌದೆಂದು ನಾನು ತಿಳಿದಿದ್ದೇನೆ.

ಪಿರಿಯಾಪಟ್ಟಣದ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು ಕುರಿತು ಪ್ರಬಂಧ ಬರೆಯುತ್ತಿದ್ದಳು. ಮಂಗರಸ ಹದಿನಾರನೆಯ ಶತಮಾನದ ಆದಿಭಾಗದವನು, ಕಲ್ಲಹಳ್ಳಿಯ ಪ್ರಭು. ಆ ಕಲ್ಲಹಳ್ಳಿ ನಮ್ಮ ಹುಣಸೂರು ತಾಲ್ಲೂಕಿನದೇ. ಅಡುಗೆಯ ಶಾಸ್ತ್ರವನ್ನು ಷಟ್ಪದಿಯಲ್ಲಿ ಹೇಳಿದ ನಮ್ಮೂರ ಕವಿಯ ಮೇಲೆ ನಮ್ಮೂರ ಹುಡುಗಿ ಬರೆಯುತ್ತಾಳೆಂದು ನನಗೂ ಉತ್ಸಾಹವಿತ್ತು. ಹೇಳಿದ ದಿನಕ್ಕೆ ಪ್ರಬಂಧ ಬರಲಿಲ್ಲ. ವಿಚಾರಿಸಿದರೆ, "ಸಾರ್, ಒಲೆ ಹಂಗೆ ಕಾಯ್ತದೆ. ಅರ್ಧ ಗಂಟೆಗೆ ತಾನೇ ಆರ್ಹೋಯ್ತದೆ" ಎಂದಳು. ಪಾಕಶಾಸ್ತ್ರದ ಪ್ರಬಂಧಕ್ಕೆ ಒಲೆಯೇ ಒದಗಿತಲ್ಲ ಎಂದು ನಗೆಯಾಡಿ, ಯಂತ್ರವನ್ನು ತರಿಸಿ ನೋಡಿದೆ. ಯಾವ ಕಡತವನ್ನೂ ತೆರೆದಿರಲಿಲ್ಲ. ಆದರೂ ಫ್ಯಾನು ಹುಯ್ಯಲಿಡುತ್ತಿತ್ತು. ಪರದೆಯ ತುಂಬ ಸೋದರಮಾವನ ಮಗ ಅಕ್ಕರೆಯಿಂದ ಹಾಕಿಕೊಟ್ಟ ವಿಜೆಟ್‌ಗಳು. ಟಾಸ್ಕ್ ಮ್ಯಾನೇಜರನ್ನು ತೆರೆದರೆ ಪ್ರೊಸೆಸರಿನ ದುಡಿಮೆ ನೂರಕ್ಕೆ ನಲವತ್ತರ ಆಸುಪಾಸಿನಲ್ಲಿತ್ತು. ಅಲಂಕಾರಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಂತೆ ಆ ಅಂಕಿ ಇಳಿಯುತ್ತ ಬಂದು ಮೂರು ನಾಲ್ಕಕ್ಕೆ ನಿಂತಿತು. ಹತ್ತು ನಿಮಿಷದಲ್ಲಿ ಫ್ಯಾನು ಮೌನ ತಾಳಿತು.

ಹೀಗೇಕಾಗುತ್ತದೆ? ಸಾಧಾರಣ ಲ್ಯಾಪ್‌ಟಾಪಿನ ಪ್ರೊಸೆಸರು ಸೆಕೆಂಡಿಗೆ ಇನ್ನೂರು ಕೋಟಿಗೂ ಮೇಲ್ಪಟ್ಟು ಮಿಡಿಯಬಲ್ಲುದು. ಅದರ ಮುಂದೆ ನಮ್ಮ ಬೆರಳುಗಳ ವೇಗ ಯಾವ ಲೆಕ್ಕ? 'ಕ' ಒತ್ತಿ 'ನ' ಒತ್ತುವುದರೊಳಗೆ ಅದಕ್ಕೆ ಒಂದು ಯುಗವೇ ಕಳೆದಿರುತ್ತದೆ. ಕೆಲಸವಿಲ್ಲದ ಆ ಹೊತ್ತಿನಲ್ಲಿ ಅದು ಕಣ್ಣುಮುಚ್ಚಿ ನಿದ್ರಿಸುತ್ತದೆ. ತನ್ನ ಒಂದೊಂದು ಅಂಗವನ್ನೂ ಆರಿಸಿಕೊಂಡು ಒಂದೆರಡು ವ್ಯಾಟ್‌ಗಳಲ್ಲಿ ಕಾಲ ಹಾಕುತ್ತದೆ. ತಂಪಾಗಿರುವ ಗಣಕ ಎಂದರೆ ಬಹುಪಾಲು ಮಲಗಿರುವ ಗಣಕ. ವಿಜೆಟ್ ಮಾಡುವ ಅಪಕಾರವೆಂದರೆ ಈ ನಿದ್ರೆಗೇಡು. ಅದು ಹೊರಿಸುವ ಕೆಲಸ ದೊಡ್ಡದಲ್ಲ. ಆದರೆ ಕ್ಷಣಕ್ಷಣಕ್ಕೂ ತಟ್ಟಿ ಎಬ್ಬಿಸುತ್ತದೆ. ಗಡಿಯಾರದ ಮಾತನ್ನೇ ತೆಗೆದುಕೊಳ್ಳಿ. ಗಂಟೆ ನಿಮಿಷಗಳನ್ನಷ್ಟೇ ತೋರಿಸುವ ಗಡಿಯಾರವನ್ನು ನಿಮಿಷಕ್ಕೊಮ್ಮೆ ಬರೆದರೆ ಸಾಕು. ಸೆಕೆಂಡಿನ ಮುಳ್ಳು ತಡೆಯಿಲ್ಲದೆ ನಯವಾಗಿ ಜಾರಬೇಕೆಂದರೆ ಪರದೆಯ ವೇಗಕ್ಕೆ ಸಮನಾಗಿ ಸೆಕೆಂಡಿಗೆ ೬೦ ಸಲ, ನಿಮಿಷಕ್ಕೆ ೩೬೦೦ ಸಲ ಬರೆಯಬೇಕು. ಎರಡೂ ಹೇಳುವ ವೇಳೆ ಒಂದೇ.

ಇನ್ನು ಹವಾಮಾನ ಹೇಳುವಂಥವು. ಇವುಗಳಲ್ಲಿ ಹಲವು ವೇಷ ಮರೆಸಿಕೊಂಡ ಅಂತರಜಾಲದ ಪುಟಗಳೇ. ಹುಣಸೂರಿನಲ್ಲಿ ಮೋಡವಿದೆಯೆಂಬ ಒಂದು ಮಾತಿಗಾಗಿ ಬ್ರೌಸರಿನ ಸಕಲ ಸಂಭಾರವೂ ಒಳಗೆ ಏಳಬೇಕು. ಒಂದು ಎಲೆ ವೀಳ್ಯಕ್ಕೆ ತೋಟವನ್ನೇ ಹೊತ್ತು ತಂದ ಹಾಗೆ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಮೋಡ ಕಾಣುತ್ತಿತ್ತಲ್ಲವೇ ಎಂದು ಕೇಳುವುದು ಹಳಬರ ಕೊಂಕು. ಅದನ್ನು ನಾನು ಕೇಳುವುದಿಲ್ಲ.

ಎಲ್ಲಕ್ಕಿಂತ ವಿನೋದದ್ದು ಇನ್ನೊಂದಿದೆ. ಪ್ರೊಸೆಸರು ಎಷ್ಟು ದುಡಿಯುತ್ತಿದೆ, ಎಷ್ಟು ಕಾದಿದೆ ಎಂದು ಮುಳ್ಳು ತಿರುಗಿಸಿ ತೋರಿಸುವುದಕ್ಕೇ ಒಂದು ವಿಜೆಟ್. ಯಂತ್ರದ ಆರೋಗ್ಯವನ್ನು ಕಾಯುತ್ತೇನೆಂದು ಬಂದ ಇದು ಕ್ಷಣಕ್ಕೊಮ್ಮೆ ಅದನ್ನೆಬ್ಬಿಸಿ 'ನಿದ್ರೆ ಬಂತೇ?' ಎಂದು ಕೇಳುತ್ತದೆ. ತಾನು ಎಬ್ಬಿಸಿದ್ದರಿಂದ ಆದ ದಣಿವನ್ನೂ ಲೆಕ್ಕಕ್ಕೆ ಸೇರಿಸಿ ತೋರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಗೆ ಇದಕ್ಕಿಂತ ಹೊಸ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಹುಡುಗಿಯ ಯಂತ್ರದಲ್ಲಿ ಇಂಥವು ಎರಡಿದ್ದವು.

ಪ್ರೊಸೆಸರು ನುಂಗುವ ವಿದ್ಯುತ್ತು ಕಡೆಗೆ ಆಗುವುದು ಕಾವೇ. ಲೆಕ್ಕ ಮಾಡಲಿ, ಚಿತ್ರ ಬರೆಯಲಿ, ಹಾಡು ನುಡಿಸಲಿ, ಒಳಗೆ ಹೋದ ಒಂದೊಂದು ವ್ಯಾಟೂ ಬಿಸಿಯಾಗಿ ಹೊರಬರಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಜನಕ್ಕೆ ಕಾವಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾದದ್ದಿಲ್ಲ. ವರ್ಜೀನಿಯ ಹೊಗೆಸೊಪ್ಪಿನ ಸೀಮೆ ಇದು. ಆಷಾಢ ಶ್ರಾವಣಗಳಲ್ಲಿ ಹೊಲಗಳ ನಡುವೆ ಬ್ಯಾರನ್ನುಗಳಿಂದ ಹೊಗೆಯೇಳುವುದನ್ನು ಕಾಣದೆ ಬೆಳೆದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಕೆಲವರೇ. ಸೊಪ್ಪು ಏರಿಸಿ ಬೆಂಕಿ ಹಚ್ಚಿದ ಮೇಲೆ ರಾತ್ರಿಯೆಲ್ಲ ಯಾರಾದರೂ ಕೂತು ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗುವಷ್ಟು ಹದವಾದ ಕಾವು, ಆಮೇಲೆ ಎಲೆಯೊಣಗಲು ಇನ್ನಷ್ಟು, ಕಡೆಗೆ ನಡುದಂಟು ಒಣಗಲು ಸುಮಾರು ಎಪ್ಪತ್ತು ಡಿಗ್ರಿ. ಅವಸರಪಟ್ಟು ಸೌದೆ ಒಟ್ಟಿದರೆ ಸೊಪ್ಪು ಕಪ್ಪಾಗುತ್ತದೆ, ತೂಕಡಿಸಿದರೆ ಕೆಡುತ್ತದೆ. ಹೊಗೆಸೊಪ್ಪು ಒಳ್ಳೆಯದೋ, ಅದಕ್ಕಾಗಿ ಉರಿದುಹೋಗುವ ಸೌದೆ ನ್ಯಾಯವೋ ಎಂಬುದು ಬೇರೆಯೇ ಚರ್ಚೆ. ಅದಕ್ಕೆ ಇದು ಸ್ಥಳವಲ್ಲ. ಇಷ್ಟಂತೂ ನಿಜ: ನಮ್ಮ ರೈತನು ಖಾಲಿ ಬ್ಯಾರನ್ನಿಗೆ ಬೆಂಕಿ ಹಾಕುವುದಿಲ್ಲ. ಯಾರೂ ನೋಡದ ಪರದೆಯ ಮೇಲೆ ಕುಣಿಯುತ್ತಿರುವ ಕಂಬಗಳಿಗಾಗಿ ಕಾಯುತ್ತಿರುವ ಲ್ಯಾಪ್‌ಟಾಪು ಸೊಪ್ಪಿಲ್ಲದ ಬ್ಯಾರನ್ನು. ಕುಣಿತವನ್ನು ಕಾಣುವವರಾದರೂ ಯಾರು? ಪ್ರಬಂಧ ಬರೆಯುವಾಗ ಪುಟವು ಪರದೆಯನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಹೀಗೆ ಮುಚ್ಚಿದಾಗ ತಾನಾಗಿ ನಿಲ್ಲುವ ಸಭ್ಯತೆ ಕೆಲವು ತಂತ್ರಾಂಶಗಳಿಗಿದೆ. ಎಲ್ಲಕ್ಕೂ ಇಲ್ಲ.

ಕಾವಿನ ಫಲವನ್ನು ಯಂತ್ರ ಮೂರು ಬಗೆಯಲ್ಲಿ ಉಣ್ಣುತ್ತದೆ. ಮೊದಲನೆಯದು ಸದ್ದು, ಅದನ್ನು ಸಹಿಸಬಹುದು. ಎರಡನೆಯದು ಮಂದಗತಿ: ಪ್ರೊಸೆಸರಿನ ಶಾಖ ನೂರು ಡಿಗ್ರಿಯ ಸಮೀಪಕ್ಕೆ ಬಂದರೆ ತನ್ನನ್ನು ಉಳಿಸಿಕೊಳ್ಳಲು ಅದು ತಾನೇ ವೇಗ ತಗ್ಗಿಸುತ್ತದೆ, ಅಷ್ಟಕ್ಕೂ ತಣಿಯದಿದ್ದರೆ ಆರಿಹೋಗುತ್ತದೆ. ಮೂರನೆಯದು ಬ್ಯಾಟರಿಯ ಮುಪ್ಪು. ಇದು ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯಂಥ ಶತ್ರು ಇನ್ನೊಂದಿಲ್ಲ. ಇದರ ಮೇಲೆ ನಮ್ಮ ಬೇಸಗೆಯ ಧೂಳು ಫ್ಯಾನಿನ ಬಾಯಲ್ಲಿ ಹತ್ತಿಯಂತೆ ಕಟ್ಟಿಕೊಳ್ಳುತ್ತದೆ. ಮಕ್ಕಳು ಯಂತ್ರವನ್ನು ಕಂಬಳಿಯ ಮೇಲೋ ಹಾಸಿಗೆಯ ಮೇಲೋ ಇಟ್ಟುಕೊಂಡು ಬರೆಯುತ್ತಾರೆ; ಗಾಳಿಯಾಡುವ ಕಂಡಿಗಳು ಮುಚ್ಚಿಹೋಗುತ್ತವೆ. ವಿಜೆಟ್ಟೊಂದೇ ಅಪರಾಧಿಯೆಂದು ನಾನು ಹೇಳುತ್ತಿಲ್ಲ. ಆದರೆ ಧೂಳಿಗೆ ಬ್ರಷ್ಷು ಬೇಕು, ಮೇಜಿಗೆ ದುಡ್ಡು ಬೇಕು. ವಿಜೆಟ್ ಮುಚ್ಚುವುದಕ್ಕೆ ಬೆರಳೊಂದು ಸಾಕು.

ಈ ಮಾತನ್ನು ಪ್ರಸ್ತಾಪಿಸಿದಾಗ ಗಣಕಶಾಸ್ತ್ರದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, "ಎಲ್ಲವನ್ನೂ ಕಿತ್ತು ಹಾಕಿಸಿ. ಹಿನ್ನೆಲೆಗೆ ಕಪ್ಪು ಬಣ್ಣ ಬಳಿಸಿ. ಯಂತ್ರವಿರುವುದು ಕೆಲಸಕ್ಕೆ" ಎಂದರು. ಇದನ್ನು ನಾನು ಒಪ್ಪಲಾರೆ. ಮನೆಯ ಮುಂದೆ ನೀರು ಚೆಲ್ಲಿದ ಮೇಲೆ ಎರಡು ಎಳೆ ರಂಗೋಲಿ ಎಳೆಯದೆ ನಮ್ಮ ತಾಯಂದಿರು ಒಳಕ್ಕೆ ಹೋದವರಲ್ಲ. ಸಂಕ್ರಾಂತಿಯ ದಿನ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಗೆಜ್ಜೆ ಕಟ್ಟಿ ಕಿಚ್ಚು ಹಾಯಿಸುವ ರೈತನಿಗೆ ಎತ್ತು ಇರುವುದು ಉಳುಮೆಗೆಂದು ಗೊತ್ತಿಲ್ಲವೆ? ಸರ್ಕಾರದ ಮುದ್ರೆ ಹೊತ್ತು ಬಂದ, ಎಲ್ಲರದೂ ಒಂದೇ ಅಚ್ಚಿನ ಯಂತ್ರವನ್ನು ಹುಡುಗನೊಬ್ಬ ತನ್ನದೆಂದು ಮಾಡಿಕೊಳ್ಳುವುದು ಈ ಸಿಂಗಾರದಿಂದಲೇ. ಆ ಆಸೆಯನ್ನು ಚಿವುಟಿ ಹಾಕುವ ಅಧ್ಯಾಪಕನಿಗೆ ಕಾವ್ಯ ಕಲಿಸುವ ಹಕ್ಕು ಎಲ್ಲಿಂದ ಬರಬೇಕು?

ಆದರೆ ಎರಡನ್ನೂ ನೋಡಿ. ರಂಗೋಲಿ ಬರೆದಾದ ಮೇಲೆ ಅದಕ್ಕೆ ಕೂಲಿಯಿಲ್ಲ. ಕೊಂಬಿನ ಬಣ್ಣ ಎತ್ತಿನ ಮೇವನ್ನು ತಿನ್ನುವುದಿಲ್ಲ. ಬೆಟ್ಟದಪುರದ ಬೆಟ್ಟದ ಒಂದು ಸ್ಥಿರಚಿತ್ರವನ್ನು ಪರದೆಗೆ ಹಾಕಿಕೊಂಡರೆ ಪ್ರೊಸೆಸರಿಗೆ ಅದರಿಂದ ಶ್ರಮವೆಂಬುದೇ ಇಲ್ಲ. ಚುಂಚನಕಟ್ಟೆಯ ಧುಮುಕುವ ಕಾವೇರಿಯನ್ನೇ ಚಲಿಸುವ ಚಿತ್ರವಾಗಿ ಹಾಕಿಕೊಂಡರೆ, ಆ ನೀರನ್ನು ಕ್ಷಣಕ್ಷಣವೂ ಧುಮುಕಿಸುವ ಕೆಲಸ ಯಂತ್ರದ ಮೇಲೆ ಬೀಳುತ್ತದೆ. ಔಚಿತ್ಯವಿಚಾರಕ್ಕೆ ಈಗ ಈ ಒಂದು ಪ್ರಕರಣವನ್ನು ಹೊಸದಾಗಿ ಸೇರಿಸಿಕೊಳ್ಳಬೇಕು: ನಿಂತ ಅಲಂಕಾರ ಬೇರೆ, ನಡೆಯುವ ಅಲಂಕಾರ ಬೇರೆ.

ನಡೆಯುವುದೇ ಬೇಕೆನ್ನುವವರಿಗೂ ಉಪಾಯವಿದೆ. ರೈನ್‌ಮೀಟರಿನಂಥ ತಂತ್ರಾಂಶದಲ್ಲಿ ಒಂದೊಂದು ವಿಜೆಟ್ಟಿಗೂ ಸಾದಾ ಅಕ್ಷರದ ಕಡತವೊಂದಿರುತ್ತದೆ. ಎಷ್ಟು ಹೊತ್ತಿಗೊಮ್ಮೆ ಏಳಬೇಕೆಂಬುದನ್ನು ಅದರಲ್ಲಿ ಮಿಲಿಸೆಕೆಂಡಿನ ಲೆಕ್ಕದಲ್ಲಿ ಬರೆದಿರುತ್ತದೆ. ರೂಢಿಯ ಅಂಕಿ ೧೦೦೦, ಅಂದರೆ ಸೆಕೆಂಡಿಗೊಮ್ಮೆ. ಚಂದ ಕಾಣಲೆಂದು ಕೆಲವರು ಅದನ್ನು ಇಪ್ಪತ್ತಕ್ಕೋ ಮೂವತ್ತಕ್ಕೋ ಇಳಿಸಿಟ್ಟಿರುತ್ತಾರೆ. ಮತ್ತೆ ಏರಿಸಿದರೆ ಸಿಂಗಾರವೂ ಉಳಿಯಿತು, ನಿದ್ರೆಯೂ ಉಳಿಯಿತು. ಕಡತವನ್ನು ತೆರೆದು ಒಂದು ಅಂಕಿ ತಿದ್ದುವುದು ಛಂದಸ್ಸಿನಲ್ಲಿ ಮಾತ್ರೆಗೆ ಪ್ರಸ್ತಾರ ಹಾಕುವುದಕ್ಕಿಂತ ಕಷ್ಟದ್ದಲ್ಲ. ನಮ್ಮ ಮಕ್ಕಳು ಎರಡನ್ನೂ ಮಾಡಬಲ್ಲರು. ಮಾಡಬಹುದೆಂದು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಪದವಿಯ ಗಣಕ ಪರಿಚಯದ ಪಾಠಗಳಲ್ಲಿ ಯಂತ್ರದ ಭಾಗಗಳನ್ನು ಹೆಸರಿಸಲು ಕಲಿಸುತ್ತೇವೆ. ಅದರ ಬದಲು ಮೊದಲನೆಯ ದಿನವೇ ಟಾಸ್ಕ್ ಮ್ಯಾನೇಜರನ್ನು ತೆರೆಸಿ, 'ನೀನು ಕರೆಯದೆ ಯಾರು ಯಾರು ನಿನ್ನ ಮನೆಯಲ್ಲಿ ಉಣ್ಣುತ್ತಿದ್ದಾರೆ ನೋಡು' ಎಂದು ತೋರಿಸಬೇಕೆಂಬುದು ನನ್ನ ಸೂಚನೆ. ವಿಜೆಟ್ ಮಾಡುವವರಿಗೂ ಒಂದು ಮಾತು. ಔಷಧದ ಶೀಶೆಯ ಮೇಲೆ ಪ್ರಮಾಣ ಬರೆಯುವಂತೆ, ಇದು ಸೆಕೆಂಡಿಗೆ ಇಷ್ಟು ಸಲ ಏಳುತ್ತದೆಂದು ಮೊದಲ ಸಾಲಿನಲ್ಲಿಯೇ ಬರೆಯಲಿ. ಕೊಳ್ಳುವವನು ತನ್ನ ಶಕ್ತಿ ನೋಡಿಕೊಂಡು ಕೊಳ್ಳುತ್ತಾನೆ.

ಐದು ಹತ್ತು ವ್ಯಾಟಿಗೆ ಇಷ್ಟು ಮಾತೇ ಎಂದು ಪಟ್ಟಣದ ವಾಚಕರು ಕೇಳಬಹುದು. ದೀಪ ಸದಾ ಉರಿಯುವ ಮನೆಯಲ್ಲಿ ಅದು ಸಣ್ಣ ಮೊತ್ತವೇ ಸರಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರಿನಲ್ಲಿ ಸಂಜೆ ಕರೆಂಟು ಹೋಯಿತೆನ್ನಿ. ಬ್ಯಾಟರಿಯಲ್ಲಿ ಉಳಿದದ್ದು ನಲವತ್ತು ವ್ಯಾಟ್ ಗಂಟೆ. ಯಂತ್ರ ಎಂಟು ವ್ಯಾಟಿನಲ್ಲಿ ನಡೆದರೆ ಐದು ಗಂಟೆ ಬರೆಯಬಹುದು. ಮೇಲಿನ ಕುಣಿತಕ್ಕೆ ಇನ್ನೆಂಟು ಹೋದರೆ ಎರಡೂವರೆ ಗಂಟೆ. ಮಾರನೆಯ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ಹೊರಡಬೇಕಾದ ಹುಡುಗನ ಪ್ರಬಂಧದಲ್ಲಿ ಕಡೆಯ ಅಧ್ಯಾಯ ಇನ್ನೂ ಬಾಕಿಯಿದೆ.