ಗೋವೆಗೆ ಹೋದಾಗ ಬರೋಕ್ ನೋಡಿ

ಚಳಿಗಾಲ ಬಂತೆಂದರೆ ನಮ್ಮ ಕೊಗನೊಳ್ಳಿ, ನಿಪ್ಪಾಣಿ ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಗೋವೆಯ ದಾರಿ ಹಿಡಿಯುತ್ತವೆ. ಸಮುದ್ರಕ್ಕೆ ಅರ್ಧ ದಿನ, ಹಳೇ ಗೋವೆಯ ಬಾಮ್ ಜೀಸಸ್ ಬೆಸಿಲಿಕಾಕ್ಕೆ ಹತ್ತು ನಿಮಿಷ. ವಿದ್ಯಾರ್ಥಿ ಮಿತ್ರರೇ, ಪಾಲಕರು ಕಷ್ಟಪಟ್ಟು ಕೊಟ್ಟ ಹಣಕ್ಕೆ ಆ ಹತ್ತು ನಿಮಿಷ ಸಾಲದು. ಬರೋಕ್ ಶೈಲಿಯನ್ನು ಕಣ್ಣಾರೆ ಕಾಣಲು ಅದು ಒಳ್ಳೆಯ ಅವಕಾಶ.

ಬರೋಕ್ ಎಂದರೇನು? ಸುಮಾರು 1600ರ ಹೊತ್ತಿಗೆ ರೋಮಿನಲ್ಲಿ ಹುಟ್ಟಿ ಯುರೋಪಿನಲ್ಲೆಲ್ಲ ಹರಡಿದ ಕಲಾಶೈಲಿ. ಓರೆಕೋರೆ ಮುತ್ತಿಗೆ ಪೋರ್ಚುಗೀಸರು ಹೇಳುವ 'ಬರ್ರೋಕೊ' ಎಂಬ ಮಾತಿನಿಂದ ಈ ಹೆಸರು ಬಂದಿತೆನ್ನುತ್ತಾರೆ. ಅದರ ಹಿಂದಿನ ರೆನೆಸಾನ್ಸ್ ಕಲೆಗೆ ಅಳತೆ, ಸಮತೋಲ, ಶಾಂತಿ ಮುಖ್ಯವಾಗಿದ್ದವು. ಬರೋಕ್ ಕಲೆಗೆ ಚಲನೆ, ನೆರಳು-ಬೆಳಕಿನ ಆಟ, ವೈಭವ, ಭಾವಾವೇಶ ಮುಖ್ಯವಾದವು. ಪ್ರೊಟೆಸ್ಟೆಂಟರು ಬೇರೆಯಾದ ಮೇಲೆ ಜನರ ಮನಸ್ಸನ್ನು ಮತ್ತೆ ಸೆಳೆಯಬೇಕಾಗಿದ್ದ ಕ್ಯಾಥೊಲಿಕ್ ಚರ್ಚಿಗೆ ಈ ಶೈಲಿ ಒದಗಿಬಂತು.

ಬಾಮ್ ಜೀಸಸ್ ಕಟ್ಟಡ ಆರಂಭವಾದದ್ದು 1594ರಲ್ಲಿ, ಮುಗಿದದ್ದು 1605ರಲ್ಲಿ. ಎರಡು ಶೈಲಿಗಳು ಕೂಡುವ ಕಾಲವದು. ಮೊದಲು ಹೊರಗೆ ನಿಂತು ನೋಡಿ. ಮುಂಭಾಗ ಅಂತಸ್ತು ಅಂತಸ್ತಾಗಿ ಏರಿದೆ, ಎಡಬಲ ಸಮನಾಗಿದೆ. ಇದು ಹಳೆಯ ಶಿಸ್ತು. ಈಗ ಒಳಗೆ ಬನ್ನಿ. ಸರಳವಾದ ಗೋಡೆಗಳ ತುದಿಯಲ್ಲಿ ಚಿನ್ನದ ಲೇಪದ ಬಲಿಪೀಠ ಝಗ್ಗನೆ ಹೊಳೆಯುತ್ತದೆ. ಅದರ ಕಂಬಗಳು ನೆಟ್ಟಗಿಲ್ಲ, ಹಗ್ಗದಂತೆ ಹುರಿಗೊಂಡಿವೆ. ಸಂತ ಇಗ್ನೇಷಿಯಸರ ಮೂರ್ತಿ ಮೇಲಕ್ಕೆ ನೋಡುತ್ತದೆ; ನಮ್ಮ ಕಣ್ಣೂ ಅತ್ತಲೇ ಹೋಗುತ್ತದೆ.

ಇಲ್ಲಿ ನಿಮ್ಮ ಬೆಳಕಿನ ಪಾಠ ನೆನಪಿರಲಿ. ಉಬ್ಬುತಗ್ಗಿನ ಹೊಳೆಯುವ ಮೇಲ್ಮೈ ಬೆಳಕನ್ನು ಹಲವು ದಿಕ್ಕಿಗೆ ಪ್ರತಿಫಲಿಸುತ್ತದೆ. ನೀವು ಒಂದು ಹೆಜ್ಜೆ ಸರಿದರೆ ಹೊಳಪಿನ ಜಾಗವೂ ಸರಿಯುತ್ತದೆ. ಅಲುಗದ ಕಂಬ ಅಲುಗಿದಂತೆ ಕಾಣುವುದು ಹೀಗೆ. ಬರೋಕ್ ಶಿಲ್ಪಿಯ ಗುಟ್ಟೇ ಇದು.

ಬಲಗಡೆ ಸಂತ ಫ್ರಾನ್ಸಿಸ್ ಝೇವಿಯರ್ ಸಮಾಧಿಯಿದೆ. ಬೆಳ್ಳಿಯ ಪೆಟ್ಟಿಗೆಯ ಕೆಳಗಿನ ಅಮೃತಶಿಲೆಯ ಪೀಠವನ್ನು ಫ್ಲಾರೆನ್ಸಿನ ಶಿಲ್ಪಿ ಫೊಜ್ಜಿನಿ ಮಾಡಿದ. 1698ರಲ್ಲಿ ಅದನ್ನು ಇಲ್ಲಿ ಜೋಡಿಸಿದರು. ಕೊಟ್ಟವನು ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಮೆದಿಚಿ. ಇವನ ಅಜ್ಜನೇ ಗೆಲಿಲಿಯೊನ ಪೋಷಕ. 1610ರಲ್ಲಿ ಗೆಲಿಲಿಯೊ ತಾನು ಕಂಡ ಗುರುಗ್ರಹದ ನಾಲ್ಕು ಚಂದ್ರರಿಗೆ ಈ ಮನೆತನದ ಹೆಸರನ್ನೇ ಇಟ್ಟಿದ್ದ.

ಹೊರಬಂದಾಗ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆಯನ್ನು ಗಮನಿಸಿ. ಮೊದಲು ಅದರ ಮೇಲೆ ಸುಣ್ಣದ ಗಾರೆಯಿತ್ತು. 1950ರ ದಶಕದಲ್ಲಿ ತೆಗೆದರು. ಸಣ್ಣ ರಂಧ್ರಗಳುಳ್ಳ ಆ ಕಲ್ಲು ಮಳೆನೀರು ಹೀರಿ ಸವೆಯುತ್ತಿದೆ. ಅದನ್ನು ಕೆರೆಯಬೇಡಿ, ಹೆಸರು ಕೊರೆಯಬೇಡಿ.

ಪಾಲಕರಿಗೊಂದು ಮಾತು. ಮಕ್ಕಳು ಮರಳಿದಾಗ ಏನು ತಂದಿರೆಂದು ಕೇಳುವ ಮೊದಲು, ಆ ಕಂಬಗಳು ಹೇಗಿದ್ದವೆಂದು ಕೇಳಿ.